ಗಲಗಲ ಅನ್ನದ ಸೈಕಲ್ಲು

ಬಂದಳು! ನನ್ನ ಮೊಮ್ಮಗಳು ಲೊಕ್ಕನಹಳ್ಳಿಯಿಂದ ಸೈಕಲ್ಲಿನ ಮೇಲೇ ಕೂತು ಬಂದಳು. ತಳ್ಳಿಕೊಂಡು ಅಲ್ಲ, ಯಾರದೋ ಗಾಡಿಗೆ ಹೇರಿಕೊಂಡೂ ಅಲ್ಲ. ಅವಳ ಕೆಲಸ ಉಳಿಯಿತು! ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು. ಅಕ್ಷರ ಕುಣಿದರೆ ಕುಣಿಯಲಿ, ಇವತ್ತು ಬರೆಯದೆ ಇರಲಾರೆ.

ತಂದೆಯಿಲ್ಲದ ಹುಡುಗಿ. ಶಾಗ್ಯದ ನಮ್ಮ ಮನೆಯಲ್ಲಿ ಅವಳ ದೊಡ್ಡಪ್ಪನದ್ದೇ ಮಾತು. ಅವನು ನನ್ನ ಹಿರಿಮಗ. ಹುಡುಗಿಗೆ ಲೊಕ್ಕನಹಳ್ಳಿ ಕಡೆಯ ಕಾಡಿನ ಜನರ ಹೆರಿಗೆ ಮಾಡಿಸುವ ಸರ್ಕಾರಿ ನರ್ಸಿನ ಕೆಲಸ ಸಿಕ್ಕಿತು. ಸೇರಿದ ದಿನವೇ ಇವನು, "ಕಾಡ್ನೋರ ಎರಿಗೆ ಮುಟ್ಟಿ ಬಂದೋಳು ಒಳಗ್ ಕೂತು ಉಣ್ಣಂಗಿಲ್ಲ" ಎಂದು ಅವಳ ತಟ್ಟೆಯನ್ನು ಜಗಲಿಗೆ ಎಸೆದ. ಅಂದಿನಿಂದ ಅವಳ ಊಟ ಅಲ್ಲೇ, ನಾಯಿಯ ಪಕ್ಕ.

ಹನೂರಿನವರೆಗೆ ಟಾರು ರಸ್ತೆ, ಆಮೇಲೆ ಕಾಡಂಚಿಗೆ ಬರೀ ಕಲ್ಲುದಾರಿ. ಎರಡಕ್ಕೂ ಒದಗುವ ಸೈಕಲ್ಲು ಇಲ್ಲದಿದ್ದರೆ ಆ ಕೆಲಸ ಮಾಡಲಾಗದು. ಆರಿಸಲು ಕೊಳ್ಳೇಗಾಲಕ್ಕೆ ನಾನೇ ಹೋದೆ. ಸೈಕಲ್ಲಿನ ವಿಚಾರ ನನಗೇನು ಗೊತ್ತು? ಗೊತ್ತಿದ್ದದ್ದು ರೇಷ್ಮೆಗೂಡು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಗಲಗಲ ಅಂದರೆ ಒಳಗೆ ಹುಳು ಚೆನ್ನಾಗಿದೆ. ಸದ್ದಿಲ್ಲದಿದ್ದರೆ ಸತ್ತು ಅಂಟಿಕೊಂಡಿದೆ. ಅದೇ ಲೆಕ್ಕದಲ್ಲಿ ಒಂದೊಂದೇ ಸೈಕಲ್ಲಿನ ಹಿಂಭಾಗ ಎತ್ತಿ ನೆಲಕ್ಕೆ ಬಿಟ್ಟು ಕಿವಿಗೊಟ್ಟೆ.

"ಅಜ್ಜಿ, ಗೂಡು ತಕಳಕ್ ಬಂದ್ರಾ, ಸೈಕಲ್ ತಕಳಕ್ ಬಂದ್ರಾ?" ಎಂದು ಅಂಗಡಿಯವನು ನಕ್ಕ. ಗಲಗಲ ಅಂದ ಹಸಿರು ಸೈಕಲ್ಲನ್ನು ಆರಿಸಿದೆ. ಅವನು ಬೇಡ ಅನ್ನಲಿಲ್ಲ, ಪಾಪಿ.

ಟಾರಿನ ಮೇಲೆ ಅದು ಕುದುರೆ. ಕಲ್ಲಿಗೆ ಇಳಿದ ಮೊದಲ ದಿನವೇ ಮಡ್ಗಾರ್ಡು ಕಳಚಿ ಚಕ್ರಕ್ಕೆ ಸಿಕ್ಕಿತು. ಹುಡುಗಿ ಮುಖ ಅಡಿಯಾಗಿ ಬಿದ್ದಳು. ಮುಂದಿನ ಎರಡು ಹಲ್ಲು ಹೋದವು.

ಮಗ ಆ ಮಡ್ಗಾರ್ಡನ್ನು ತೋರಣದ ಹಾಗೆ ಬಾಗಿಲಿಗೆ ಕಟ್ಟಿದ. "ನಮ್ಮವ್ವ ಆರ್ಸಿದ ಗೂಡು ನೋಡ್ರಪ್ಪ" ಎಂದು ಬಂದವರಿಗೆಲ್ಲ ತೋರಿಸಿದ. ಅವಳಿಗೆ, "ಲೇ ಹಲ್ಮುರುಕಿ, ಇನ್ ಯಾವನ್ ಕಟ್ಕಂಡಾನು ನಿನ್ನ? ಕೆಲಸ ಬುಟ್ಟು ಸಗಣಿ ಬಾಚ್ಕಂಡ್ ಬಿದ್ದಿರು" ಎಂದ. ತಪ್ಪು ನನ್ನದೇ ತಾನೆ.

ಹುಡುಗಿ ಊದಿದ ಬಾಯಲ್ಲೇ, "ಸೈಕಲ್ ಒಳಗೆ ಹುಳ ಇರಲ್ಲ ಕಣಜ್ಜಿ" ಅಂದಳು.

ಮತ್ತೆ ಕೊಳ್ಳೇಗಾಲಕ್ಕೆ ಹೋದೆವು. ಹಸಿರು ಸೈಕಲ್ಲಿನ ಜೊತೆ ನನ್ನ ಕಿವಿಯ ಓಲೆಯನ್ನೂ ಬಿಚ್ಚಿಕೊಟ್ಟೆ. ಈ ಸಲ ಸದ್ದು ಮಾಡದ್ದನ್ನು ಹುಡುಕಿದೆ. ಗೂಡಿನ ಮಂಕರಿ ಹೊತ್ತು ಹೊತ್ತು ಕಪ್ಪಾಗಿದ್ದ, ದಪ್ಪ ಟೈರಿನ ಗಂಡಸರ ಸೈಕಲ್ಲೊಂದು ಮೂಲೆಯಲ್ಲಿತ್ತು. ಎತ್ತಿಬಿಟ್ಟರೆ ಧಪ್ ಅಂತ ಒಂದೇ ಸದ್ದು, ಮುಗಿಯಿತು. ಅದನ್ನೇ ತಂದೆವು.

"ಲೊಕ್ಕನಳ್ಳಿಗ್ ಓಗಿ ಇದ್ರ ಮ್ಯಾಲೇ ಕೂತು ಬಂದ್ಯಾ, ಕೆಲಸ ಮಾಡ್ಕ. ತಳ್ಕಂಡ್ ಬಂದ್ಯೋ, ಬಾವಿಗ್ ಎಸಿತೀನಿ," ಎಂದ ಮಗ.

ಇವತ್ತು ಬೆಳಗ್ಗೆ ಸೀರೆಯನ್ನು ಕಚ್ಚೆ ಹಾಕಿ ಹೊರಟಳು. ಊರೇ ಹಲ್ಲು ಕಿರಿಯಿತು. ನಾನು ಊರ ಮುಂದಿನ ಕಲ್ಲಿನ ಮೇಲೆ ಕೂತವಳು ಏಳಲೇ ಇಲ್ಲ. ಸಂಜೆ ಧೂಳಿನಿಂದ ಎದ್ದು ಬಂದ ಹಾಗೆ ಬಂದಳು, ಕೂತೇ! ಮಗ ದನದ ಹಲ್ಲು ನೋಡುವವನ ಹಾಗೆ ಬಗ್ಗಿ ಒಂದೊಂದು ನಟ್ಟನ್ನೂ ಅಲ್ಲಾಡಿಸಿದ. ಯಾವುದೂ ಅಲ್ಲಾಡಲಿಲ್ಲ.

"ಮಾಡ್ಕ ಓಗು. ತಟ್ಟೆ ಮಾತ್ರ ಜಗಲೀಲೇ," ಎಂದು ಒಳಗೆ ಹೋದ.

ನಾನು ನನ್ನ ತಟ್ಟೆ ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಅವಳ ಪಕ್ಕ ಕೂತೆ. ಹಿರಿಸೊಸೆ ಮುದ್ದೆ ಸಾರಿನ ಪಾತ್ರೆಗಳನ್ನೇ ಹೊರಗೆ ತಂದಳು. ಹಿಂದೆಯೇ ಅವಳ ಮಕ್ಕಳು.

"ನಂಗ್ಯಾರೂ ಇಕ್ಕಲ್ವಾ?" ಒಳಗಿನಿಂದ ಮಗನ ಕೂಗು.

"ಇಟ್ಟು ಸಾರು ಇಲ್ಲೈತೆ, ಬಾ" ಅಂದೆ.

ಬಹಳ ಹೊತ್ತಿನ ಮೇಲೆ ಬಂದ. ಸೈಕಲ್ಲಿಗೆ ಬೆನ್ನು ಕೊಟ್ಟು ಕೂತ. ಹುಡುಗಿ ಮುದ್ದೆ ನುಂಗುತ್ತಿದ್ದಳು. ಅದಕ್ಕೆ ಹಲ್ಲು ಬೇಕಿಲ್ಲವಲ್ಲ! ಮಗ ಅವಳತ್ತ ತಿರುಗದೆಯೇ ತಟ್ಟೆ ಚಾಚಿದ.

"ಲೇ ಹಲ್ಮುರುಕಿ, ಸಾರ್ ಬುಡು."

ಅವಳು ತನ್ನ ಕೈಯಾರೆ ಬಿಟ್ಟಳು. ಅವನು ಉಂಡ. ಎಲ್ಲರೂ ಉಂಡೆವು.