ತಿರುಗಿ ನೋಡದ ರಾಲಿತ್ಸಾ

ನಮ್ಮ ಊರಿನಲ್ಲಿ ಸತ್ತವರು ಬೀದಿಯಲ್ಲೇ ಇರುತ್ತಾರೆ. ಯಾರಾದರೂ ತೀರಿಕೊಂಡರೆ ಅವರ ಫೋಟೋ ಹಾಕಿ ಕಾಗದ ಅಚ್ಚು ಮಾಡಿಸಿ ಮನೆಯ ಬಾಗಿಲಿಗೆ, ಬೀದಿಯ ಮರಗಳಿಗೆ, ಬಸ್ ನಿಲ್ದಾಣದ ಗೋಡೆಗೆ ಅಂಟಿಸುತ್ತೇವೆ. ವರ್ಷ ತುಂಬಿದಾಗ ಮತ್ತೊಮ್ಮೆ, ಹತ್ತಕ್ಕೆ, ಇಪ್ಪತ್ತಕ್ಕೆ ಇನ್ನೊಮ್ಮೆ. ರೊಟ್ಟಿ ತರಲು ಹೋದರೂ ನಾಲ್ಕು ಜನ ಹಳಬರ ಮುಖ ನೋಡಿಕೊಂಡೇ ಬರಬೇಕು. ನಮ್ಮ ನೆರೆಯ ಸ್ತಮೇನಾಳ ತಾಯಿ ರಾಲಿತ್ಸಾಳ ಕಾಗದದಲ್ಲಿ ಮಾತ್ರ ಮುಖವಿರಲಿಲ್ಲ. ಫೋಟೋ ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಶಿಲುಬೆ ಇರುತ್ತಿತ್ತು.

ರಾಲಿತ್ಸಾ ಜ್ವರದಲ್ಲಿ ಸತ್ತಾಗ ಸ್ತಮೇನಾಗೆ ನಾಲ್ಕು ವರ್ಷ. ಮನೆಯಲ್ಲಿದ್ದ ಅಮ್ಮನ ಒಂದೇ ಒಂದು ಫೋಟೋವನ್ನು ಅಪ್ಪ ಹೆಂಡತಿಯ ಎದೆಯ ಮೇಲಿಟ್ಟು ಶವಪೆಟ್ಟಿಗೆ ಮುಚ್ಚಿಸಿದ. ದುಃಖದಲ್ಲಿದ್ದವನಿಗೆ ಮಗಳ ಯೋಚನೆ ಬರಲಿಲ್ಲ. ಮುಂದೆ ಅಮ್ಮ ಹೇಗಿದ್ದಳು ಎಂದು ಅವಳು ಕೇಳಿದಾಗಲೆಲ್ಲ ಅವನು ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ನಾನು ಮದುವೆಯಾಗಿ ಈ ಊರಿಗೆ ಬಂದಾಗ ಸ್ತಮೇನಾ ಡಾನ್ಯೂಬ್ ನದಿಯ ಕಡೆ ಹೋಗುವ ರಸ್ತೆಯ ರೈಲ್ವೆ ಗೇಟು ಕಾಯುತ್ತಿದ್ದಳು. ನಮ್ಮ ಮನೆ ಗೇಟಿನ ಎದುರಿಗೇ. ಒಂದು ಚಳಿಗಾಲ ಕಾಫಿ ಕುಡಿಯುತ್ತಾ ಅವಳು, "ಬರೋ ವರ್ಷ ಅಮ್ಮ ಹೋಗಿ ಐವತ್ತು ವರ್ಷ ಆಗುತ್ತೆ. ಈ ಸಲ ಶಿಲುಬೆ ಬೇಡ. ನಾನೇ ಅವಳ ಮುಖ ಬರೀತೀನಿ" ಎಂದಳು.

"ಮುಖ ನೆನಪಿದೆಯಾ ನಿಂಗೆ?"

"ಇಲ್ಲ. ಬರೀತಾ ಬರೀತಾ ಬರಬಹುದು."

ಅವಳು ಪೆನ್ಸಿಲ್ ಹಿಡಿದು ಚಿತ್ರ ಬರೆದವಳೇ ಅಲ್ಲ. ಚೀಸ್ ಸುತ್ತಿ ಕೊಟ್ಟ ಕಾಗದವನ್ನು ಬಿಡಿಸಿ ಮೊದಲ ಚಿತ್ರ ಬರೆದಳು. ಗಂಡ ವೆಲ್ಚೊ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ಇದು ನಮ್ಮ ಅತ್ತೆನಾ? ಮೀಸೆ ಒಂದು ಇಟ್ಟಿದ್ರೆ ನಮ್ಮ ಸ್ಟೇಷನ್ ಮಾಸ್ಟರೇ ಕಣೇ."

"ನಗು, ನಗು. ನಾಳೆ ಇನ್ನೊಂದು ಬರೀತೀನಿ, ಅದಕ್ಕೂ ನಗುವಂತೆ."

ಹಾಗೇ ಆಯಿತು. ಬೆಳಗಿನ ಗೂಡ್ಸ್ ಗಾಡಿ ದಾಟಿ, ಗೇಟು ಮೇಲೆತ್ತಿ, ಟೋಪಿ ತೆಗೆದಿಟ್ಟ ಕೂಡಲೇ ಬರೆಯಲು ಕೂರುತ್ತಿದ್ದಳು. ಮುಂದಿನ ಗಾಡಿ ಬರುವಷ್ಟರಲ್ಲಿ ಆದಷ್ಟೇ ಚಿತ್ರ. ಅರ್ಧವಾಗಿದ್ದರೆ ಅರ್ಧವೇ, ಅದನ್ನು ಮತ್ತೆ ತಿದ್ದುತ್ತಿರಲಿಲ್ಲ. ಜ್ವರ ಬಂದ ದಿನವೂ ಮೂಗೊಂದನ್ನಾದರೂ ಬರೆದು ಮಲಗುತ್ತಿದ್ದಳು. ಮೊದಮೊದಲ ಚಿತ್ರಗಳಲ್ಲಿ ಕಣ್ಣುಗಳು ಒಂದು ಮೇಲೆ ಒಂದು ಕೆಳಗೆ, ಬಾಯಿ ಹೊಲಿದ ಹಾಗೆ. ವಸಂತ ಬರುವ ಹೊತ್ತಿಗೆ ಮೂಗು ಮೂಗಿನಂತೆ ಕಾಣತೊಡಗಿತು. ಚಿತ್ರ ಚೆನ್ನಾಗುತ್ತಾ ಬಂದಂತೆ ಅವಳ ಮುಖ ಮಾತ್ರ ಬಾಡುತ್ತಾ ಬಂತು.

"ಇವರೆಲ್ಲ ಯಾರೋ ಹೆಂಗಸರು. ಅಂದವಾಗಿದ್ದಾರೆ, ನನ್ನನ್ನೇ ನೋಡ್ತಾರೆ. ಒಬ್ಬಳೂ ಅಮ್ಮ ಅಲ್ಲ" ಎಂದು ಒಂದು ದಿನ ಪೆನ್ಸಿಲ್ ಮೇಜಿನ ಮೇಲೆ ಇಟ್ಟುಬಿಟ್ಟಳು.

"ಅವಳು ಹೇಗಿದ್ದಳು ಅನ್ನೋದು ಬಿಡು. ನೀನು ಕಣ್ಣಾರೆ ನೋಡಿದ್ದು ಏನು, ಅದನ್ನ ಹೇಳು" ಎಂದೆ.

"ನನ್ನನ್ನ ಬೆನ್ನಿಗೆ ಕಟ್ಟಿಕೊಂಡು ಜೋಳದ ಹೊಲಕ್ಕೆ ಹೋಗ್ತಿದ್ದಳು. ನನ್ನ ಕಣ್ಣಿಗೆ ಕಾಣ್ತಿದ್ದದ್ದು ಅವಳ ಕತ್ತು. ಒಂದು ಕಿವಿ. ತಲೆವಸ್ತ್ರದ ಗಂಟು. ಬೆವರು ಕಿವಿ ಹಿಂದಿಂದ ಇಳೀತಿತ್ತು, ನಾನು ಬೆರಳಿಂದ ಒರೆಸ್ತಿದ್ದೆ."

"ಅದನ್ನೇ ಬರಿ."

ಮರುದಿನ ಗಾಡಿ ಹೋದ ಮೇಲೆ ಒಂದು ಕಿವಿ ಬರೆದಳು. ಅದು ಒಣಗಿದ ಏಪ್ರಿಕಾಟ್ ಹಣ್ಣಿನಂತಿತ್ತು. ಆದರೂ ಆ ಬೇಸಿಗೆಯೆಲ್ಲ ಅವಳು ಕಿವಿಗಳನ್ನೇ ಬರೆದಳು, ಆಮೇಲೆ ಕತ್ತು, ಆಮೇಲೆ ಗಂಟು. ವೆಲ್ಚೊ ಈಗ ನಗುತ್ತಿರಲಿಲ್ಲ. ತಾನಾಗಿಯೇ ಕಟುಕನ ಅಂಗಡಿಯಿಂದ ಮಾಂಸ ಸುತ್ತುವ ಒಳ್ಳೆಯ ಕಾಗದದ ಸುರುಳಿ ತಂದುಕೊಟ್ಟ.

ಶರತ್ಕಾಲದಲ್ಲಿ ರಾಲಿತ್ಸಾಳ ತಂಗಿ ಮೀಂಕಾ ಚಿಕ್ಕಮ್ಮ ಬೆಟ್ಟದ ಕಡೆಯ ಹಳ್ಳಿಯಿಂದ ಬಂದಳು. ಅವಳ ಬುಟ್ಟಿಯಲ್ಲಿ ಕ್ವಿನ್ಸ್ ಹಣ್ಣುಗಳಿದ್ದವು. ಸ್ತಮೇನಾ ಚಿತ್ರವನ್ನು ಮುಂದಿಟ್ಟು ಪಕ್ಕದಲ್ಲೇ ನಿಂತಳು. ಹಿಂದಿನಿಂದ ಕಂಡ ಹೆಂಗಸು: ಬಾಗಿದ ಕತ್ತು, ತಲೆವಸ್ತ್ರ, ಬಿಸಿಲು ಬಿದ್ದ ಒಂದು ಕಿವಿ.

ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ನೋಡಿದಳು. "ಗಂಟು ತಪ್ಪು. ನಮ್ಮಕ್ಕ ಪಕ್ಕಕ್ಕೆ ಕಟ್ಟೋಳು, ಎಡಗಡೆ. ಮಧ್ಯಕ್ಕೆ ಕಟ್ಟಿದ್ರೆ ಮಗು ಕಿತ್ತುಹಾಕುತ್ತೆ ಅಂತಿದ್ದಳು." ಕಿವಿಯ ಮೇಲೆ ಬೆರಳಿಟ್ಟು, "ಕಿವಿ ಅವಳದ್ದೇ" ಎಂದಳು.

"ಮುಖ ಹೇಳು ಚಿಕ್ಕಮ್ಮ. ನೀನು ಹೇಳ್ತಾ ಹೋಗು, ನಾನು ಬರೀತೀನಿ."

ಮುದುಕಿ ಚಿತ್ರವನ್ನು ಕೈಗೆತ್ತಿಕೊಂಡಳು. "ಕಂದಾ, ಅವಳ ದನಿ ಇನ್ನೂ ಕಿವೀಲಿದೆ. ಕೈ ನೆನಪಿದೆ. ಮುಖ... ಯಾವಾಗ ಮರೆತುಹೋಯಿತೋ ನಂಗೇ ಗೊತ್ತಾಗಲಿಲ್ಲ ಕಣೇ."

ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಅತ್ತರು. ಗಾಡಿಯ ಹೊತ್ತಾಗಿ ಸ್ತಮೇನಾ ಎದ್ದು ಹೋಗಿ ಗೇಟು ಇಳಿಸಿದಳು.

ಐವತ್ತನೆಯ ವರ್ಷದ ಕಾಗದ ಹಾಗೆಯೇ ಅಚ್ಚಾಯಿತು, ಗಂಟು ಎಡಗಡೆಗೆ. ಅಚ್ಚಿನವನು, "ಬೆನ್ನು ತಿರುಗಿಸಿರೋ ಫೋಟೋ ಯಾರಮ್ಮಾ ಹಾಕಿಸ್ತಾರೆ?" ಎಂದ. "ನಾನು ಹಾಕಿಸ್ತೀನಿ" ಎಂದಳು ಸ್ತಮೇನಾ. ಅಂದು ನಮ್ಮ ಪದ್ಧತಿಯಂತೆ ಸತ್ತವಳ ಹೆಸರಿನಲ್ಲಿ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಎಲ್ಲರಿಗೂ ಹಂಚಿದೆವು. ಬೀದಿಯ ಆ ಮುಖಗಳೆಲ್ಲ ನಮ್ಮತ್ತ ನೋಡುತ್ತಿದ್ದರೆ, ರಾಲಿತ್ಸಾ ಒಬ್ಬಳೇ ಹೊಲದ ಕಡೆ ನಡೆದು ಹೋಗುತ್ತಿದ್ದಳು.

ಮರುದಿನ ಗೂಡ್ಸ್ ಗಾಡಿ ದಾಟಿದ ಮೇಲೆ ನೋಡಿದರೆ ಸ್ತಮೇನಾ ಮತ್ತೆ ಬರೆಯುತ್ತಾ ಕುಳಿತಿದ್ದಳು.

"ಇನ್ನೂ ಏನು ಬರೀತೀಯೇ? ಮುಗೀತಲ್ಲ."

ಅವಳು ತಲೆಯೆತ್ತಲಿಲ್ಲ. "ಕಿವಿ ಹತ್ತಿರದ ಕೆನ್ನೆ ಒಂಚೂರು ಕಾಣ್ತಿತ್ತು ಅಂತ ಅನಿಸ್ತಿದೆ. ಎಷ್ಟು ಕಾಣ್ತಿತ್ತೋ ನೋಡ್ತೀನಿ."