ಬಾಗಿಲಲ್ಲಿ ನಿಲ್ಲುವವನಿಗೆ ತಂಡವಿಲ್ಲ

ಗೆಳೆಯರೇ, ನಂಜನಗೂಡಿನ ನಮ್ಮ ಬಿಬಿಎ ತರಗತಿಯಲ್ಲಿ ಇಂದು ಪ್ರಾಜೆಕ್ಟಿಗೆ ಮೂವರ ತಂಡ ಕಟ್ಟಬೇಕಿತ್ತು. ಮೂಗೂರಿನ ಮಾದೇವನನ್ನು ಯಾರೂ ಸೇರಿಸಿಕೊಳ್ಳಲಿಲ್ಲ. ತಂಡವಿಲ್ಲದಿದ್ದರೆ ಅವನಿಗೆ ಅಂಕವಿಲ್ಲ.

ಅವನದೇ ಊರಿನ ಸವಿತಾಳನ್ನು ಕೇಳಿದೆ: "ಜಾತಿ ನೋಡಿ ಬಿಟ್ರಾ?"

"ಜಾತಿ ಯಾಕೋ ತರ್ತೀಯ? ನಾವು ಪ್ರಾಜೆಕ್ಟ್ ಮಾಡೋದೇ ಬಸ್ಸಲ್ಲಿ, ಮೂರು ಜನದ ಸೀಟಲ್ಲಿ ಕೂತ್ಕಂಡು. ಇವ್ನು ದಿನಾ ಬಾಗ್ಲಲ್ಲಿ ನಿಂತಿರ್ತಾನೆ."

ನ್ಯಾಯವೆನಿಸಿತು. ಮಾದೇವನನ್ನೇ ಗದರಿದೆ: "ಒಳಗೆ ಕೂರಕೇನ್ಲಾ ನಿಂಗೆ?"

"ನಂಗ್ಯಾರ್ಲಾ ಸೀಟು ಹಿಡೀತಾರೆ?" ಎಂದ.

ನನ್ನ ತಂಡದಲ್ಲಿ ಒಂದು ಜಾಗವಿದೆ, ಬಾ ಎಂದೆ.

"ನಿಂದು ತಗಡೂರು ಬಸ್ಸು, ನಂದು ಮೂಗೂರು ಬಸ್ಸು ಕಣ್ಲಾ, ಯಾವಾಗ ಮಾಡದು?" ಎಂದು ಹೊರಟೇಹೋದ.

ನಾಳೆ ನಾನು ಧರಣಿ ಕೂರುವುದು ಖಚಿತ. ಕಾಲೇಜಿನ ಮುಂದೆಯೋ ಬಸ್ ನಿಲ್ದಾಣದಲ್ಲೋ ಎಂಬುದೇ ತಿಳಿಯುತ್ತಿಲ್ಲ.