ಮನೆ ಮಗಳ ಬೇಸಿಕ್

ಗಿರಿಜಮ್ಮನವರ ಬಾಯಲ್ಲಿ ‘ಸಂಬಳ’ ಎನ್ನುವ ಮಾತನ್ನು ನಾನು ಕೇಳಿದ್ದು ಒಂದೇ ಒಂದು ಸಲ. ಅದಕ್ಕೆ ಮುಂಚೆ ಅವರ ಆಸ್ಪತ್ರೆಯಲ್ಲಿ ನರ್ಸಾಗಿ ಎಷ್ಟೋ ವರ್ಷ ದುಡಿದಿದ್ದೆ. ತಿಂಗಳ ಕೊನೆಗೆ ಅವರು ಕೊಡುತ್ತಿದ್ದದ್ದು ‘ಕೈಖರ್ಚಿಗೆ’, ಹಬ್ಬಕ್ಕೆ ಕೊಡುತ್ತಿದ್ದದ್ದು ‘ಅರಿಶಿನ ಕುಂಕುಮಕ್ಕೆ’, ನೈಟ್ ಡ್ಯೂಟಿಗೆ ಕೊಡುತ್ತಿದ್ದದ್ದು ‘ಕಾಫಿಗೆ’. ಸಂಬಳ ಎಂದರೆ ಅವರಿಗೆ ಮೈಲಿಗೆ. “ಸಂಬಳ” ಎಂದು ನಾವು ಅಂದರೆ ಸಾಕು, ಕಿವಿ ಮುಚ್ಚಿಕೊಳ್ಳುತ್ತಿದ್ದರು. “ಅದನ್ನ ಆಳುಗಳಿಗೆ ಕೊಡ್ತಾರವ್ವಾ. ನೀವು ಮನೆ ಮಕ್ಕಳು. ಮನೆ ಮಗಳಿಗೆ ಯಾರಾದ್ರೂ ಅದನ್ನ ಕೊಡ್ತಾರೇನು?” ಎಂದು ಕೆನ್ನೆ ಸವರಿ ಕಳಿಸಿಬಿಡುತ್ತಿದ್ದರು. ಸವರಿದ ಕೈಯಿಂದ ವಿಭೂತಿಯ ವಾಸನೆ ಬರುತ್ತಿತ್ತು.

ಮೊನ್ನೆ ಅವರು ತೀರಿಕೊಂಡ ಸುದ್ದಿ ಹಳೇ ಸ್ಟಾಫಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ‘ತಾಯಿಯಂಥವರು’ ಎಂದು ಒಬ್ಬಳು ಬರೆದದ್ದೇ ತಡ, ಉಳಿದವರೆಲ್ಲ ಸಾಲಾಗಿ ಕೈಮುಗಿದರು. ನಾನು ಕೈಮುಗಿಯಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದಾಗ ಆಡುವುದಕ್ಕೆ ಬಿಟ್ಟಿದ್ದರೆ ಈಗ ಆಡುವ ಪ್ರಮೇಯವೇ ಬರುತ್ತಿರಲಿಲ್ಲ.

ಬಸವೇಶ್ವರನಗರದ ಆ ಆಸ್ಪತ್ರೆ ಅವರ ಯಜಮಾನರದು. ಡಾಕ್ಟರು ಒಳ್ಳೆಯ ಸರ್ಜನ್, ಆಪರೇಷನ್ ಥಿಯೇಟರಿನಲ್ಲಿ ಹುಲಿ, ಹೆಂಡತಿಯ ಮುಂದೆ ಇಲಿ. ದುಡ್ಡಿನ ಉಸಾಬರಿ ಪೂರ್ತಿ ಗಿರಿಜಮ್ಮನವರದು. ದಾವಣಗೆರೆ ಕಡೆಯ ಅಡಿಕೆ ಮಂಡಿಯವರ ಮನೆಯ ಹೆಣ್ಣು. ವ್ಯಾಪಾರ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಔಷಧಿ ಅಂಗಡಿಯ ಪಕ್ಕದ ಪುಟ್ಟ ಕೋಣೆಯಲ್ಲಿ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ ಕೂತಿರುತ್ತಿದ್ದರು. ಮೇಜಿನ ಮೇಲೆ ಶೇಂಗಾ ಚಟ್ನಿಪುಡಿಯ ಡಬ್ಬಿ. ಶನಿವಾರ ಸಂಜೆ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ಬಜ್ಜಿ. ಜಗಳಕ್ಕೆಂದು ಬಾಗಿಲು ತಳ್ಳಿಕೊಂಡು ಹೋದವಳ ಕೈಗೆ ಮೊದಲು ಮಿರ್ಚಿ ಬರುತ್ತಿತ್ತು. ಬಾಯಲ್ಲಿ ಮಿರ್ಚಿ ಇಟ್ಟುಕೊಂಡು ಯಾರು ಜಗಳ ಆಡುತ್ತಾರೆ? ತಿಂದು, ಕೈ ಒರೆಸಿಕೊಂಡು, “ಬರ್ತೀನಮ್ಮ” ಎಂದು ವಾಪಸ್ಸು ಬರುವುದು.

“ಇದು ನೌಕರಿ ಅಲ್ಲವ್ವಾ, ಕಾಯಕ” ಎನ್ನುವುದು ಅವರ ಇನ್ನೊಂದು ಮಾತು. ಕಾಯಕ ಇದ್ದ ಕಡೆ ದಾಸೋಹವೂ ಇರಬೇಕು. ಅವರ ಆಸ್ಪತ್ರೆಯಲ್ಲಿ ಕಾಯಕ ಮಾಡುವವರೂ ನಾವೇ, ದಾಸೋಹ ಕೊಡುವವರೂ ನಾವೇ.

ಒಂದು ಸಲ ನನಗೆ ಡೆಂಗ್ಯೂ ಬಂದು ಕೆಂಗೇರಿ ಉಪನಗರದ ನಮ್ಮ ಮನೆಯಲ್ಲಿ ಮಲಗಿದ್ದೆ. ಗಿರಿಜಮ್ಮ ಕಾರು ಮಾಡಿಸಿಕೊಂಡು ಬಂದರು. ಟಿಫಿನ್ ಕ್ಯಾರಿಯರಿನಲ್ಲಿ ಗಂಜಿ. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಕುಡಿಸಿದರು. ಹೆತ್ತ ತಾಯಿಯೂ ಹಾಗೆ ಕುಡಿಸಿರಲಿಲ್ಲ, ಅದು ಸುಳ್ಳಲ್ಲ. ಆ ತಿಂಗಳು ನೋಡಿದರೆ ಮಲಗಿದ್ದಷ್ಟೂ ದಿನದ ದುಡ್ಡು ಕಟ್. ಕೇಳಿದ್ದಕ್ಕೆ, “ಗಂಜಿ ಬ್ಯಾರೆ, ರಜಾ ಬ್ಯಾರೆ ಅಲ್ಲೇನವ್ವಾ” ಎಂದು ನಕ್ಕರು. ಅವರು ಬರೀ ಕೆಟ್ಟವರಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ನಿಜವಾದ ಕಥೆ ಶುರುವಾದದ್ದು ನಾನು ಓದಲು ಹೊರಟಾಗ. ನರ್ಸ್ ಪ್ರಾಕ್ಟೀಷನರ್ ಎಂದು ಒಂದು ಕೋರ್ಸ್ ಇದೆ, ಎರಡು ವರ್ಷದ್ದು. ಅದನ್ನು ಮಾಡಿದ ನರ್ಸು ಐಸಿಯುನಲ್ಲಿ ರೋಗಿಯನ್ನು ತಾನೇ ಪರೀಕ್ಷೆ ಮಾಡಿ, ವೆಂಟಿಲೇಟರ್ ಹೊಂದಿಸಿ, ಡಾಕ್ಟರ ಜೊತೆ ಮೊದಲೇ ಒಪ್ಪಿಕೊಂಡ ಕ್ರಮದ ಪ್ರಕಾರ ಔಷಧಿ ಏರಿಸಿ ಇಳಿಸಬಲ್ಲಳು. ಡಾಕ್ಟರು, “ಓದ್ಕೊಂಡು ಬಾರಮ್ಮ ಶೋಭಾ, ನಿಂಗೆ ಬೇರೆ ಸ್ಕೇಲೇ ಮಾಡೋಣ” ಎಂದರು. ಗಿರಿಜಮ್ಮ ಪಕ್ಕದಲ್ಲಿ ತಲೆ ಆಡಿಸಿದರು. ಅದು ಹೂಂ ಎಂದೋ ಉಹೂಂ ಎಂದೋ ನಾನು ಸರಿಯಾಗಿ ನೋಡಲಿಲ್ಲ. ನನ್ನ ಮದುವೆಯಲ್ಲಿ ನಮ್ಮಮ್ಮ ಹಾಕಿದ್ದ ಎರಡು ಚಿನ್ನದ ಬಳೆ ಮಾರಿ ಫೀಸು ಕಟ್ಟಿದೆ. ಮೊದಲು ಅಂಥದೇ ಬಳೆ ಮತ್ತೆ ಮಾಡಿಸಿಕೊಳ್ಳುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೆ.

ಓದಿ ಬಂದೆ. ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಹೊಸ ಪದವಿ ಬಂತು, ಕೋಟಿನ ಬಣ್ಣ ಬದಲಾಯಿತು. ಬೇಸಿಕ್, ಅಂದರೆ ಮೂಲ ವೇತನ, ಮಾತ್ರ ಓದುವುದಕ್ಕೆ ಮುಂಚೆ ಎಷ್ಟಿತ್ತೋ ಅಷ್ಟೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಬೇಸಿಕ್ಕಿನ ಕೆಳಗೆ ಬಾಲದ ಹಾಗೆ ಅಲೊವೆನ್ಸುಗಳು: ಯೂನಿಫಾರಂ ಒಗೆಯುವುದಕ್ಕೆ ಒಂದು, ಓಡಾಟಕ್ಕೆ ಒಂದು, ರಾತ್ರಿ ಕಾಫಿಗೆ ಒಂದು, ಹೊಸ ಪದವಿಗೆಂದು ‘ವಿಶೇಷ’ ಇನ್ನೊಂದು. ಕೂಡಿದರೆ ಮೊತ್ತ ದೊಡ್ಡದಾಗಿಯೇ ಕಾಣುತ್ತಿತ್ತು. ಆದರೆ ಪಿಎಫ್ ಕಟ್ಟುವುದು ಬೇಸಿಕ್ ಮೇಲೆ, ಇನ್ಕ್ರಿಮೆಂಟ್ ಬೇಸಿಕ್ ಮೇಲೆ, ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿಯೂ ಬೇಸಿಕ್ ಮೇಲೆ. ಅಲೊವೆನ್ಸು ಅವರ ಮರ್ಜಿ. ಒಂದು ರಜೆ ಹಾಕಿದರೆ ಅದರಲ್ಲಿ ಅರ್ಧ ಮಾಯ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ವಾಸನೆ ಬರುತ್ತದೆ, ನಾಲಗೆಗೆ ಎಟುಕುವುದಿಲ್ಲ.

“ಅಮ್ಮ, ಆ ವಿಶೇಷಾನ ಬೇಸಿಕ್‌ಗೆ ಸೇರಿಸಿಬಿಡಿ” ಎಂದು ಗಿರಿಜಮ್ಮನವರನ್ನು ಕೇಳಿದೆ.

“ಎಲ್ಲಿದ್ರೇನವ್ವಾ, ನಿನ್ನ ಕೈಗೇ ಬರ್ತೈತಲ್ಲ” ಎಂದರು. ಆ ಗೌರಿ ಹಬ್ಬಕ್ಕೆ ನನ್ನ ಬರಿಗೈ ನೋಡಿ ಮರುಗಿ ಒಂದು ಡಜನ್ ಹಸಿರು ಗಾಜಿನ ಬಳೆ ಕೊಟ್ಟರು. “ಮುತ್ತೈದೆ ಬರಿಗೈಲಿ ಇರಬಾರದು” ಎಂದರು. ಐಸಿಯುನಲ್ಲಿ ಸೋಂಕಿನ ಭಯಕ್ಕೆ ಮೊಣಕೈ ಕೆಳಗೆ ಒಂದು ದಾರವನ್ನೂ ಕಟ್ಟುವಂತಿಲ್ಲ. ಆಸ್ಪತ್ರೆ ನಡೆಸುವವರಿಗೆ ಅದು ಗೊತ್ತಿಲ್ಲವೇ? ಪ್ರತಿ ಹಬ್ಬಕ್ಕೂ ಬಳೆ ಬಂತು, ಬ್ಲೌಸ್ ಪೀಸ್ ಬಂತು. ಬೇಸಿಕ್ ಬರಲಿಲ್ಲ. ಡಾಕ್ಟರನ್ನು ಕೇಳಿದರೆ, “ನಂದೇನಿಲ್ಲಮ್ಮ, ಅವಳನ್ನ ಒಪ್ಸು” ಎನ್ನುತ್ತಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಹೀಗೇ ವರ್ಷಗಳು ಹೋದವು. ಒಂದು ಶನಿವಾರ ಸಂಜೆ ಡಿಸ್ಚಾರ್ಜ್ ಆದ ಅಜ್ಜಿಯೊಬ್ಬರ ಮಗ, ಹೊಸಹಳ್ಳಿಯವರು, ಲಿಫ್ಟಿನ ಹತ್ತಿರ ನನ್ನನ್ನು ತಡೆದರು. “ಸಿಸ್ಟರ್, ನಮ್ಮಮ್ಮನ್ನ ಚೆನ್ನಾಗಿ ನೋಡ್ಕೊಂಡ್ರಿ, ಇಲ್ಲ ಅನ್ನಲ್ಲ. ಆದ್ರೆ ನೀವು ಬಂದು ನೋಡಿದ್ದಕ್ಕೆಲ್ಲ ಬಿಲ್ಲಲ್ಲಿ ಒಂದೊಂದು ವಿಸಿಟ್ ಫೀಸ್ ಅಂತ ಹಾಕಿದ್ದೀರಲ್ಲ, ಸ್ವಲ್ಪ ಜಾಸ್ತಿ ಆಯ್ತು. ನಾವೂ ಮಿಡ್ಲ್ ಕ್ಲಾಸ್ ಜನ.”

“ಯಾವ ವಿಸಿಟ್ ಸಾರ್?” ಎಂದೆ.

“ನಿಮ್ದೇ ಮೇಡಂ. ನಿಮ್ಮ ಹೆಸರಲ್ಲೇ ಇದೆಯಲ್ಲ. ದಿನಕ್ಕೆ ಮೂರು.”

ನಾನು ಹಾಸಿಗೆಯ ಹತ್ತಿರ ಹೋಗಿ ನಿಂತಾಗಲೆಲ್ಲ ದುಡ್ಡು ಬೀಳುತ್ತಿತ್ತು. ನನಗೆ ಅದರ ಸದ್ದೂ ಕೇಳಿಸಿರಲಿಲ್ಲ. ಆ ಮನುಷ್ಯ ನನ್ನನ್ನು ದುರಾಸೆಯ ಹೆಂಗಸು ಎಂದುಕೊಂಡೇ ಲಿಫ್ಟು ಹತ್ತಿದರು. ಇವತ್ತಿಗೂ ನನಗೆ ಎಲ್ಲಕ್ಕಿಂತ ಮೈ ಉರಿಯುವುದು ಅದು.

ನೇರವಾಗಿ ಗಿರಿಜಮ್ಮನವರ ಕೋಣೆಗೆ ಹೋದೆ. ಮಿರ್ಚಿ ಕೊಟ್ಟರು, ಮುಟ್ಟಲಿಲ್ಲ. “ಆ ವಿಸಿಟ್ ಯಾರದು ಮೇಡಂ?” ಎಂದೆ. ಅಲ್ಲಿಯವರೆಗೆ ಅಮ್ಮ ಎನ್ನುತ್ತಿದ್ದವಳು ಅವತ್ತಿನಿಂದ ಮೇಡಂ ಅಂದೆ.

“ಹೆಸರು ನಿಂದವ್ವಾ, ವಿಸಿಟ್ ಆಸ್ಪತ್ರೇದು” ಎಂದರು ಅವರು, ಮಿರ್ಚಿ ಮುರಿಯುತ್ತಾ. “ಮನೆ ದುಡ್ಡಿನಾಗ ಮಗಳು ನಂದು ನಿಂದು ಅಂತ ಭಾಗ ಮಾಡ್ತಾಳೇನು?”

ಮಾರನೇ ವಾರ ರಾಜಾಜಿನಗರದ ಇನ್ನೊಂದು ಆಸ್ಪತ್ರೆಯ ಇಂಟರ್‌ವ್ಯೂಗೆ ಹೋದೆ. ಅಲ್ಲಿ ನರ್ಸ್ ಪ್ರಾಕ್ಟೀಷನರಿಗೆ ಬೇರೆ ಹುದ್ದೆಯೇ ಇತ್ತು, ದುಡ್ಡಿನ ಮುಕ್ಕಾಲು ಪಾಲು ಬೇಸಿಕ್ಕಿನಲ್ಲೇ ಇತ್ತು. ರಾಜೀನಾಮೆ ಕೊಟ್ಟೆ.

ಕೊನೆಯ ದಿನ ಗಿರಿಜಮ್ಮ ಕರೆಸಿದರು. ಮೇಜಿನ ಮೇಲೆ ತಟ್ಟೆ ತುಂಬ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ ಅಡಿಕೆ, ಬ್ಲೌಸ್ ಪೀಸ್, ಮತ್ತೆ ಒಂದು ಡಜನ್ ಹಸಿರು ಬಳೆ. ಅವರ ಕಡೆ ಉಡಿ ತುಂಬುವುದು ಎನ್ನುತ್ತಾರೆ, ನಮ್ಮ ಕಡೆ ಮಡಿಲು ತುಂಬುವುದು. ತವರಿನಿಂದ ಹೊರಡುವ ಮಗಳಿಗೆ ಮಾಡುವ ಶಾಸ್ತ್ರ. “ಸೆರಗು ಒಡ್ಡವ್ವಾ” ಎಂದರು. ನಾನು ಪ್ಯಾಂಟು ಶರ್ಟಿನ ಯೂನಿಫಾರಂನಲ್ಲಿದ್ದೆ, ಸೆರಗು ಎಲ್ಲಿಂದ ಬರಬೇಕು? ಆಯಾ ಮುನಿಯಮ್ಮ ವಾರ್ಡಿನಿಂದ ಒಂದು ಟವೆಲ್ ತಂದು ನನ್ನ ಸೊಂಟಕ್ಕೆ ಕಟ್ಟಿದಳು. ಗಿರಿಜಮ್ಮ ಐದು ಸಲ ಬೊಗಸೆಯಲ್ಲಿ ಅಕ್ಕಿ ಹಾಕಿದರು. ಅವರ ಕಣ್ಣಲ್ಲಿ ನೀರಿತ್ತು, ನಾಟಕದ ನೀರಲ್ಲ. ನನ್ನ ಬಾಯಿಗೂ ‘ಅಮ್ಮ’ ಎನ್ನುವುದು ಬರುವುದರಲ್ಲಿತ್ತು, ಅದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು.

“ಮೇಡಂ, ನನ್ನ ಗ್ರಾಚ್ಯುಟಿ ಯಾವಾಗ ಕೊಡ್ತೀರಾ?” ಎಂದೆ.

ಅವರು ಕಣ್ಣೊರೆಸಿಕೊಂಡರು. “ಈಗ ಉಡಿ ತುಂಬಿದೆನಲ್ಲವ್ವಾ. ಉಡಿ ತುಂಬಿಸ್ಕೊಂಡ ಮಗಳು ತವರಿನಾಗ ಮತ್ತ ಕೈ ಒಡ್ತಾಳೇನು?”

“ಒಡ್ತಾಳೆ ಮೇಡಂ. ಈಗ ಹೆಣ್ಣುಮಕ್ಕಳಿಗೂ ಸಮ ಪಾಲು ಅಂತ ಕಾನೂನೇ ಇದೆ. ನಾನು ಮನೆ ಮಗಳೇ ಆದ್ರೆ ಗ್ರಾಚ್ಯುಟಿ ಬೇಡ, ಆಸ್ಪತ್ರೇಲಿ ನನ್ನ ಪಾಲು ಕೊಡಿ.”

ಗಿರಿಜಮ್ಮನವರ ಕಣ್ಣೀರು ಅಲ್ಲೇ ಒಣಗಿತು. ಅಷ್ಟು ವರ್ಷದಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ. “ಏನಂದೆ? ಪಾಲು? ಸಂಬಳಕ್ಕಿದ್ದೋಳು ನೀನು. ಸಂಬಳದೋಳಿಗೆ ಎಂಥಾ ಪಾಲು?”

ಆಡಿದ ಮೇಲೆ ಅವರಿಗೇ ಗೊತ್ತಾಯಿತು. ಬಾಯಿಯ ಹತ್ತಿರ ಕೈ ಹೋಯಿತು.

ನಾನು ಸೊಂಟದ ಟವೆಲ್ ಬಿಚ್ಚಿ, ಅಕ್ಕಿ ಚೆಲ್ಲದ ಹಾಗೆ ಗಂಟು ಕಟ್ಟಿ, ಅವರ ಮೇಜಿನ ಮೇಲೆ ಚಟ್ನಿಪುಡಿ ಡಬ್ಬಿಯ ಪಕ್ಕ ಇಟ್ಟೆ. ಮುನಿಯಮ್ಮ ಹೆದರಿ ನನ್ನ ತೋಳು ಹಿಡಿದಳು. “ಬ್ಯಾಡ ಕಣವ್ವ, ಮಡಿಲಕ್ಕಿ ವಾಪಸ್ ಕೊಡಬಾರ್ದು.”

“ಮಗಳಾದ್ರೆ ಕೊಡಬಾರ್ದು ಮುನಿಯಮ್ಮ. ಸಂಬಳದವಳು ಕೊಡಬಹುದು” ಎಂದು ಹೇಳಿ ಬಂದುಬಿಟ್ಟೆ. ಮತ್ತೆ ಅವರ ಮುಖ ನೋಡಲಿಲ್ಲ.

ಲೇಬರ್ ಆಫೀಸಿಗೆ ಅರ್ಜಿ ಹಾಕಿದ ಮೇಲೆ ಗ್ರಾಚ್ಯುಟಿ ಬಂತು. ಆ ಬೇಸಿಕ್ಕಿಗೆ ಎಷ್ಟು ಬರಬೇಕೋ ಅಷ್ಟೇ ಬಂತು, ಒಂದು ಸಣ್ಣ ಉಂಗುರಕ್ಕೆ ಸಾಕಾಯಿತು. ಆ ಎರಡು ಚಿನ್ನದ ಬಳೆಗಾಗಿ ಇನ್ನೂ ದುಡಿಯುತ್ತಿದ್ದೇನೆ, ಸಂಬಳಕ್ಕೆ.